ಚಟ್ನಿ ಕಡೆದು ಇಳಿಸಬೇಕಾದ ಜೀಪು

ಬ್ಯಾಟರಿ ಜೀಪು ಓಡಿಸಲು ಹೊರಟಿರುವ ಹುಡುಗಿಯರು ಮೊದಲು ಒಂದು ವಿಷಯ ವಿಚಾರಿಸಿಕೊಳ್ಳಬೇಕು. ನಿಮ್ಮ ಗುಡ್ಡದಲ್ಲಿ ಅದನ್ನು ದೂಡಲು ಗಟ್ಟಿ ಗಂಡಸರು ಎಷ್ಟು ಮಂದಿ ಇದ್ದಾರೆ, ಮತ್ತು ಅವರು ಹಗಲು ಹೊತ್ತು ಮನೆಯಲ್ಲಿರುತ್ತಾರೋ ಇಲ್ಲವೋ. ಬಣ್ಣ, ಸೀಟು, ಮೈಲೇಜು ಎಲ್ಲ ಆಮೇಲೆ.

ನಾನು ಬದಿಯಡ್ಕದಿಂದ ಕುಂಟಾಲಪದವಿಗೆ ಲೈನು ಜೀಪು ಓಡಿಸಿದವಳು. ಬಸ್ಸು ಹೋಗದ ಕಡೆಗೆ ಬಸ್ಸಿನ ಕೆಲಸ ಮಾಡುವ ಜೀಪಿಗೆ ನಮ್ಮಲ್ಲಿ ಲೈನು ಜೀಪು ಎನ್ನುತ್ತಾರೆ. ಹತ್ತು ಮಂದಿಯ ಜಾಗದಲ್ಲಿ ಇಪ್ಪತ್ತು ಮಂದಿ, ಅವರ ಅಕ್ಕಿ ಚೀಲ, ಕೋಳಿ, ಗ್ಯಾಸ್ ಅಂಡೆ, ಆಸ್ಪತ್ರೆಯಿಂದ ಬರುವ ಬಾಣಂತಿ, ಎಲ್ಲರೂ ಅದರಲ್ಲೇ. ಕುಂಟಾಲಪದವು, ಬರೀ ಪದವು ಎಂದೇ ನಾವು ಕರೆಯುವುದು, ಗುಡ್ಡದ ತಲೆಯಲ್ಲಿ ಇದೆ. ನನ್ನ ಮನೆಯೂ ಅಲ್ಲೇ. ಬೆಳಿಗ್ಗೆ ಮೊದಲ ಟ್ರಿಪ್ಪು ಕೆಳಗೆ, ಸಂಜೆ ಕೊನೆಯ ಟ್ರಿಪ್ಪು ಮೇಲೆ. ದಾರಿ ಎಂದರೆ ಕೆಂಪುಕಲ್ಲು ಕಡಿದು ಬಿಟ್ಟ ಒಂದು ಗೀರು. ಎರಡು ಜೀಪು ಎದುರಾದರೆ ಒಂದು ಹಿಂದೆ ಹೋಗಬೇಕು. ಮೇಲೆ ಒಂದು ತಿರುವು ಇದೆ. ಅಲ್ಲಿ ಡ್ರೈವರನ ಎಡಗಡೆ ಕುಳಿತವನಿಗೆ ನೆಲ ಕಾಣುವುದಿಲ್ಲ, ಗಾಳಿ ಮಾತ್ರ ಕಾಣುತ್ತದೆ.

ಜೀಪು ಮೊದಲು ಓಡಿಸುತ್ತಿದ್ದದ್ದು ನಮ್ಮವರು, ಐತಪ್ಪ. ಅವರಿಗೆ ಕಣ್ಣು ಮಂಜಾಗಿ, ಎದುರು ಬರುವುದು ಎಮ್ಮೆಯೋ ಲಾರಿಯೋ ಗೊತ್ತಾಗದ ಹಾಗೆ ಆಯಿತು. ಒಂದು ದಿನ ಎಮ್ಮೆಗೆ ಲೈಟು ಹಾಕಿ ದಾರಿ ಕೇಳಿದರು. ಮರುದಿನದಿಂದ ಸ್ಟೇರಿಂಗ್ ನನ್ನ ಕೈಗೆ ಬಂತು. ಲೈಸೆನ್ಸಿಗೆ ಹೋದಾಗ ಬ್ರೇಕ್ ಇನ್‌ಸ್ಪೆಕ್ಟರ್ ಜೀಪಿನ ಸುತ್ತ ಒಂದು ಸುತ್ತು ಬಂದು, ಒಳಗೆ ಇಣುಕಿ, "ಡ್ರೈವರ್ ಎಲ್ಲಿ?" ಎಂದರು.

"ಸೀಟಿನಲ್ಲಿ ಕೂತಿದ್ದೇನಲ್ಲ ಸಾರ್, ಕಾಣುದಿಲ್ವಾ? ನಮ್ಮವರಿಗೂ ಕಣ್ಣು ಹೀಗೇ ಸುರುವಾದದ್ದು" ಎಂದೆ.

ಅವರು ನಗಲಿಲ್ಲ. ನನ್ನಿಂದ ಆ ಬಯಲಿನಲ್ಲಿ ಹಿಂದೆ ಮುಂದೆ ಬೇಕಾದಷ್ಟು ಓಡಿಸಿದರು. ಕೊನೆಗೆ ಲೈಸೆನ್ಸು ಕೊಟ್ಟರು. ಕೊಡದಿದ್ದರೆ ಇಪ್ಪತ್ತು ಮಂದಿ ಮನೆಗೆ ಹೋಗುವುದು ಹೇಗೆ ಎಂದು ಹೊರಗೆ ಕಾಯುತ್ತಿದ್ದ ನನ್ನ ಪ್ಯಾಸೆಂಜರುಗಳು ಕೂಗುತ್ತಿದ್ದರು.

ನಮ್ಮವರು ಆಮೇಲೆ ಎಡಗಡೆ ಸೀಟಿನಲ್ಲಿ ಕೂತು, ಇಂಜಿನಿನ ಶಬ್ದ ಕೇಳಿ ಗೇರು ಹೇಳುತ್ತಿದ್ದರು. "ಸೆಕೆಂಡ್ ಹಾಕು. ಈಗ ಫಸ್ಟ್. ಅಯ್ಯೋ, ಅದನ್ನು ಕೊಲ್ಲಬೇಡ ಮಾರಾಯ್ತಿ." ಮದುವೆಯಾದಂದಿನಿಂದ ನನಗೆ ಅಡುಗೆ ಹೇಳಿಕೊಟ್ಟವರಲ್ಲ, ಗೇರು ಮಾತ್ರ ಹೇಳಿಕೊಟ್ಟರು. ನಾನು ನನಗೆ ಬೇಕಾದದ್ದನ್ನೇ ಹಾಕುತ್ತಿದ್ದೆ.

ಈ ಕೆಲಸಕ್ಕೆ ಬರುವವರು ಲೈನಿನ ಒಂದು ಕ್ರಮ ತಿಳಿದಿರಬೇಕು. ಅದು ಯಾವ ಆಫೀಸಿನಲ್ಲೂ ಬರೆದಿಟ್ಟದ್ದಲ್ಲ. ಒಂದು ಲೈನು ಜೀಪು ದಾರಿಯಲ್ಲಿ ಕೆಟ್ಟು ನಿಂತರೆ, ಹಿಂದಿನಿಂದ ಬಂದವನು ಅದರ ಜನರನ್ನು ತಾನಾಗಿ ಹತ್ತಿಸಿಕೊಳ್ಳುವ ಹಾಗಿಲ್ಲ. ಜನರು ತಾವಾಗಿ ಹೋಗಿ ಹತ್ತುವ ಹಾಗೂ ಇಲ್ಲ. ನಿಂತ ಜೀಪಿನ ಡ್ರೈವರು ಬಾಯಿ ಬಿಟ್ಟು "ಹತ್ತಿಸಿಕೊಳ್ಳಿ" ಎನ್ನಬೇಕು. ಹಾಗೆಂದರೆ ಮುಗಿಯಿತು, ಮರುದಿನದಿಂದ ಆ ಲೈನು ಹತ್ತಿಸಿಕೊಂಡವನದು. ಆದ್ದರಿಂದ ಯಾವ ಡ್ರೈವರನೂ ಆ ಮಾತು ಹೇಳುವುದಿಲ್ಲ. ನಮ್ಮವರು ಒಮ್ಮೆ ಆಕ್ಸಲ್ ಮುರಿದು ನಿಂತಾಗ, ಹೇಳಲಿಕ್ಕಾಗದೆ, ಪಕ್ಕದ ಗುಡ್ಡದಿಂದ ಹಲಸಿನ ಹಣ್ಣು ಕೊಯ್ದು ತಂದು ಇಡೀ ಜೀಪಿಗೆ ತಿನ್ನಿಸಿ ಮಧ್ಯಾಹ್ನ ಕಳೆದಿದ್ದರು. ಜನರಿಗೆ ಹೊಟ್ಟೆ ಕೆಟ್ಟಿತು, ಲೈನು ಉಳಿಯಿತು.

ನನ್ನ ಲೈನಿನ ಮೇಲೆ ಕಣ್ಣಿಟ್ಟವರು ಅಬ್ಬಾಸಾಕ. ಅಬ್ಬಾಸ್ ಬ್ಯಾರಿ ಎಂದು ಹೆಸರು, ಬದಿಯಡ್ಕದಿಂದ ಅಡೂರು ಕಡೆಗೆ ಜೀಪು ಓಡಿಸುತ್ತಿದ್ದರು. ಒಳ್ಳೆಯ ಮನುಷ್ಯ, ನಯವಾದ ಮಾತು. ಸ್ಟ್ಯಾಂಡಿನಲ್ಲಿ ಚಾ ಕುಡಿಯುವಾಗ, "ಕುಸುಮಕ್ಕ, ನಿಮಗೆ ವಯಸ್ಸಾಯ್ತು. ಯಾವಾಗ ಹೇಳ್ತೀರಿ ಆ ಮಾತು?" ಎಂದು ಕೇಳುವರು.

"ನಿಮ್ಮ ಗಡ್ಡ ನೆಲ ಗುಡಿಸುವಾಗ" ಎಂದು ನಾನು ಹೇಳುವುದು.

ಹೀಗೆ ವರ್ಷಗಳು ಹೋದವು. ಜೀಪು ಅಡಿಯಿಂದ ತುಕ್ಕು ಹಿಡಿಯಿತು. ಒಂದು ದಿನ ಹಿಂದೆ ಕೂತಿದ್ದ ಕಮಲಕ್ಕನ ಕಾಲು ತಗಡು ತೂತಾಗಿ ಕೆಳಗೆ ಇಳಿಯಿತು. ಜೀಪು ಏರುತ್ತಿತ್ತು, ಅವಳು ಒಂದು ಕಾಲಿನಲ್ಲಿ ನಡೆಯುತ್ತಿದ್ದಳು. "ನಾನು ನಡೆದದ್ದಕ್ಕೆ ಚಾರ್ಜ್ ಕಡಿಮೆ ಮಾಡು" ಎಂದು ಜಗಳ ತೆಗೆದಳು. ಕಮಲಕ್ಕ ನನ್ನ ನೆರೆಮನೆಯವಳು. ಅವಳ ಬಾಯಿಗೆ ಇಡೀ ಪದವು ಹೆದರುತ್ತದೆ. ಆ ವರ್ಷ ಬ್ರೇಕ್ ಇನ್‌ಸ್ಪೆಕ್ಟರ್ ಆ ತೂತಿನ ಮೂಲಕ ತನ್ನ ಚಪ್ಪಲಿ ನೋಡಿಕೊಂಡು, ಫಿಟ್‌ನೆಸ್ ಕೊಡುವುದಿಲ್ಲ ಎಂದರು.

ಆಗ ಬಂದವನು ಸದಾನಂದ. ಗಲ್ಫಿನಲ್ಲಿ ಜನರೇಟರ್ ರಿಪೇರಿ ಮಾಡುತ್ತಿದ್ದವನು ಊರಿಗೆ ಬಂದು ಸೀತಾಂಗೋಳಿಯಲ್ಲಿ ಶೆಡ್ಡು ಹಾಕಿದ್ದ. ಮುಖ ನೋಡಿದರೆ ಯಾವಾಗಲೂ ಈಗ ತಾನೇ ಊಟ ಮುಗಿಸಿದವನ ಹಾಗೆ ತೃಪ್ತಿ. ಅವನು ನನ್ನ ಜೀಪಿಗೆ ಹೊಸ ತಗಡು ಹೊಡೆದು, ಇಂಜಿನು ತೆಗೆದು, ಸೀಟಿನ ಕೆಳಗೆಲ್ಲ ಬ್ಯಾಟರಿ ತುಂಬಿಸಿ, ಮೋಟಾರು ಕೂರಿಸುತ್ತೇನೆ ಎಂದ. ಕಾಗದದ ಕೆಲಸ ಅವನೇ ನೋಡಿಕೊಂಡ. ಹೇಗೆ ನೋಡಿಕೊಂಡ ಎಂದು ನಾನು ಕೇಳಲಿಲ್ಲ.

"ಬ್ಯಾಟರಿ ಮುಗಿದ್ರೆ?" ಎಂದೆ.

"ಅದಕ್ಕೇ ಹಿಂದೆ ಒಂದು ಸಣ್ಣ ಜನರೇಟರ್ ಇಡುದು ಅಕ್ಕ. ಬ್ಯಾಟರಿ ಇಳಿದ ಕೂಡಲೇ ತನ್ನಷ್ಟಕ್ಕೆ ಸ್ಟಾರ್ಟ್ ಆಗ್ತದೆ, ಚಾರ್ಜ್ ಕೊಡ್ತದೆ. ದಾರಿಯಲ್ಲಿ ನಿಲ್ಲುವ ಮಾತೇ ಇಲ್ಲ."

"ಅದಕ್ಕೆ ಎಂತ ಹಾಕುದು?"

"ಪೆಟ್ರೋಲ್."

"ಹಾಗಾದ್ರೆ ಕರೆಂಟೂ ಬೇಕು, ಪೆಟ್ರೋಲೂ ಬೇಕು. ಇಬ್ಬರು ಹೆಂಡಿರನ್ನು ಸಾಕಿದ ಹಾಗೆ."

"ಒಬ್ಬಳು ಮುನಿಸಿಕೊಂಡ್ರೆ ಇನ್ನೊಬ್ಬಳು ಅನ್ನ ಬಡಿಸ್ತಾಳಲ್ಲ ಅಕ್ಕ!"

"ಇಬ್ಬರೂ ಒಟ್ಟಿಗೆ ಮುನಿಸಿಕೊಂಡ್ರೆ?"

ಸದಾನಂದ ಚಾ ಕುಡಿದು ಬರುತ್ತೇನೆ ಎಂದು ಹೋದ. ಆದರೂ ನಾನು ಒಪ್ಪಿದೆ. ಜೀಪು ಮನೆಯಲ್ಲಿ ನಿಂತರೆ ಲೈನು ಹೋಗುತ್ತದೆ, ಲೈನು ಹೋದರೆ ನಾನು ಕಮಲಕ್ಕನ ಜತೆ ಜಗಲಿಯಲ್ಲಿ ಕೂತು ಅವಳ ಮಾತು ಕೇಳಬೇಕು. ಹಳೆಯ ಇಂಜಿನನ್ನು ಅಬ್ಬಾಸಾಕ ತೆಗೆದುಕೊಂಡು ತಮ್ಮ ಜೀಪಿಗೆ ಹಾಕಿಸಿಕೊಂಡರು. ನಮ್ಮವರು ಆ ದಿನ ಊಟ ಮಾಡಲಿಲ್ಲ. ನನ್ನ ಅಪ್ಪ ಸತ್ತಾಗ ಮಾಡಿದ್ದರು.

ಹೊಸ ಜೀಪಿನಲ್ಲಿ ಕ್ಲಚ್ಚು ಇಲ್ಲ. ನನ್ನ ಎಡಗಾಲಿಗೆ ಅದನ್ನು ಯಾರು ಹೇಳುವುದು? ಏರು ಬಂದ ಕೂಡಲೇ ಕಾಲು ತನ್ನಷ್ಟಕ್ಕೆ ಎದ್ದು ತಗಡಿಗೆ ಗುದ್ದುತ್ತಿತ್ತು. ಗುದ್ದಿ ಗುದ್ದಿ ಅಲ್ಲಿ ಒಂದು ಹೊಂಡ ಬಿತ್ತು. ಗೇರು ಕೂಡ ಇಲ್ಲ. ಮುಂದೆ ಹೋಗಲು, ಹಿಂದೆ ಹೋಗಲು ಫ್ಯಾನಿನ ಸ್ವಿಚ್ಚಿನ ಹಾಗೆ ತಿರುಗಿಸುವ ಒಂದು ಗುಬ್ಬಿ. ಹಿಂದೆ ಹೋಗುವುದೂ ಮುಂದೆ ಹೋದಷ್ಟೇ ಜೋರು. ಮೊದಲ ವಾರ ಕಮಲಕ್ಕನ ಅಂಗಳದಲ್ಲಿ ಜನ ಹತ್ತಿಸಿಕೊಂಡು, ಹಳೆಯ ಅಭ್ಯಾಸದಲ್ಲಿ ಸೆಕೆಂಡ್ ಗೇರಿಗೆಂದು ಕೈ ಹಿಂದಕ್ಕೆ ಎಳೆದೆ. ಗುಬ್ಬಿ ತಿರುಗಿತು. ಜೀಪು ಹಿಂದೆ ಹಾರಿ ಅವಳ ಬೈಹುಲ್ಲಿನ ರಾಶಿಯ ಒಳಗೆ ಹೋಗಿ ನಿಂತಿತು. ಹೊರಗಿನಿಂದ ನೋಡಿದರೆ ಬಾನೆಟ್ಟು ಮಾತ್ರ. ಒಳಗೆ ಕತ್ತಲೆಯಲ್ಲಿ ನಮ್ಮವರು ಕೇಳಿದರು, "ಬದಿಯಡ್ಕ ಬಂತಾ?"

ಅವರಿಗೆ ಶಬ್ದವಿಲ್ಲದೆ ಏನೂ ಗೊತ್ತಾಗುತ್ತಿರಲಿಲ್ಲ. ಇಂಜಿನಿಲ್ಲದ ಮೇಲೆ ಹೇಳಲು ಗೇರೂ ಇಲ್ಲ. ಕೂತ ಕೂಡಲೇ ನಿದ್ದೆ ಮಾಡುತ್ತಿದ್ದರು. ಪ್ಯಾಸೆಂಜರುಗಳಿಗೂ ಅದೇ ಪಾಡು. ಮೊದಲಾದರೆ ಜೀಪು ಕೆಳಗಿನ ತಿರುವಿನಲ್ಲಿ ಗುರುಗುಟ್ಟುವಾಗ ಜನ ಅನ್ನದ ತಟ್ಟೆಯಿಂದ ಎದ್ದು ಕೈ ತೊಳೆದು ಬರುತ್ತಿದ್ದರು. ಈಗ ಜೀಪು ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಹಾರ್ನು ಹಾಕಿದರೆ ಬ್ಯಾಟರಿ ತಿನ್ನುತ್ತದೆ ಎಂದು ಸದಾನಂದ ಹೆದರಿಸಿದ್ದ. ಕಮಲಕ್ಕ ತನ್ನ ದನದ ಗಂಟೆಯೊಂದನ್ನು ಬಂಪರಿಗೆ ಕಟ್ಟಿದಳು. ಆಮೇಲೆ ಜನ ಬರಲಿಲ್ಲ, ಪದವಿನ ದನಗಳೆಲ್ಲ ಬಂದವು. ಒಂದು ಕರು ಬದಿಯಡ್ಕದ ದಾರಿಯಲ್ಲಿ ಅರ್ಧದವರೆಗೆ ಹಿಂದೆಯೇ ಬಂತು.

ಇನ್ನು ಜನರೇಟರು. ಮೊದಲು ನಾಲ್ಕು ಮಂದಿ ಮತ್ತು ಎರಡು ಅಕ್ಕಿ ಚೀಲ ಇರುತ್ತಿದ್ದ ಜಾಗದಲ್ಲಿ ಈಗ ಅದು ಒಂದೇ ಕೂತಿತ್ತು. ಮಗ್ಗುಲಿಗೆ ಕೂತವರ ಬೆನ್ನು ಬೇಯುತ್ತದೆ. ಚಳಿಗಾಲದಲ್ಲಿ ಸೊಂಟನೋವಿನ ಮುದುಕರು ಆ ಜಾಗಕ್ಕೆ ಜಗಳ ಮಾಡಿದರು. ಮಳೆಗಾಲದಲ್ಲಿ ಒಬ್ಬಳು ಅದರ ಮುಚ್ಚಳದ ಮೇಲೆ ಹಲಸಿನ ಹಪ್ಪಳ ಒಣಗಿಸಿದಳು. ಹಪ್ಪಳ ಒಣಗಿತು, ಆದರೆ ಆ ವರ್ಷ ಅವಳ ಮನೆಗೆ ಬಂದ ನೆಂಟರು ಹಪ್ಪಳದಲ್ಲಿ ಪೆಟ್ರೋಲ್ ವಾಸನೆ ಎಂದು ಮೂಗು ಹಿಡಿದರು.

ಅದು ಯಾವಾಗ ಸ್ಟಾರ್ಟ್ ಆಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಬ್ಯಾಟರಿ ಒಂದು ಗುರುತಿನಿಂದ ಕೆಳಗೆ ಇಳಿದ ಕೂಡಲೇ, ಜೀಪು ಓಡುತ್ತಿರಲಿ, ನಿಂತಿರಲಿ, ಬೊಬ್ಬೆ ಶುರು. ಕಮಲಕ್ಕನ ಮಗಳು ಪುಷ್ಪಾಳನ್ನು ನೋಡಲು ಹುಡುಗನ ಕಡೆಯವರು ಬಂದದ್ದು ನನ್ನ ಜೀಪಿನಲ್ಲಿಯೇ. ಹುಡುಗ ರಮೇಶ, ಸೀತಾಂಗೋಳಿಯಲ್ಲಿ ಸಿಮೆಂಟಿನ ಇಟ್ಟಿಗೆ ಮಾಡುವಲ್ಲಿ ಕೆಲಸ. ಜೀಪು ಅಂಗಳದಲ್ಲಿ ನಿಲ್ಲಿಸಿದ್ದೆ. ಹಿರಿಯರು, "ಹುಡುಗ ಹುಡುಗಿ ಎರಡು ಮಾತಾಡಲಿ" ಎಂದು ಅವರಿಬ್ಬರನ್ನು ಜಗಲಿಯ ಮೂಲೆಗೆ ಬಿಟ್ಟು ಸುಮ್ಮನೆ ಕೂತರು. ಆಗಲೇ ಜನರೇಟರು ಎದ್ದಿತು. ಅವರಿಬ್ಬರೂ ಕೂಗಿ ಮಾತಾಡಬೇಕಾಯಿತು. ಇಡೀ ಪದವಿಗೆ ಕೇಳಿತು.

"ನಿಮಗೆ ಅಡುಗೆ ಬರ್ತದಾ?"

"ಎಂತ?"

"ಅಡುಗೆ! ಬರ್ತದಾ?"

"ನಿಮಗೆ ಬರ್ತದಾ?"

"ಇಲ್ಲ!"

"ಹಾಗಾದ್ರೆ ಕಲೀರಿ!"

ಅಷ್ಟರಲ್ಲಿ ಪೆಟ್ರೋಲು ಮುಗಿದು ಜನರೇಟರು ನಿಂತಿತು. ಆ ಮೌನದಲ್ಲಿ ರಮೇಶನ ಸ್ವರ ಮಾತ್ರ ಉಳಿಯಿತು: "ಕಲೀತೇನೆ!" ಸಂಬಂಧ ಕೂಡಿತು. ಇದನ್ನು ಜನರೇಟರಿನ ಪ್ರಯೋಜನ ಎಂದು ಸದಾನಂದ ಹೇಳಿಕೊಂಡು ತಿರುಗಿದ.

ಕೆಟ್ಟರೆ ರಿಪೇರಿಗೆ ಕೊಂಡುಹೋಗುವುದು ಇನ್ನೊಂದು ಕಷ್ಟ. ಬದಿಯಡ್ಕದ ಮೋಟಾರು ಮೇಸ್ತ್ರಿ ನೋಡಿ, "ಇದು ಕರೆಂಟಿನ ಸೈಡು, ನನಗೆ ಗೊತ್ತಿಲ್ಲ" ಎನ್ನುವನು. ವಯರಿಂಗಿನವನು ನೋಡಿ, "ಇದು ಪೆಟ್ರೋಲಿನ ಸೈಡು, ಮುಟ್ಟಿದ್ರೆ ಹೊತ್ತಿಕೊಳ್ತದೆ" ಎನ್ನುವನು. ಇಬ್ಬರನ್ನೂ ಒಂದೇ ಹೊತ್ತಿಗೆ ಕರೆಸಿದೆ. ಅವರು ಜೀಪಿನ ಆಚೆ ಒಬ್ಬ, ಈಚೆ ಒಬ್ಬ ನಿಂತು, ತಮ್ಮ ಹಳೆಯ ಯಾವುದೋ ಪಾಲಿನ ವಿಷಯ ಜಗಳವಾಡಿ ಹೋದರು. ಮತ್ತೆ ಗೊತ್ತಾಯಿತು, ಇಬ್ಬರೂ ಭಾವ ಬಾಮೈದರು.

ಆದರೆ ನಿಜವಾದ ಹೆದರಿಕೆ ಇಳಿಜಾರಿನದು. ಈ ಜೀಪು ಇಳಿಯುವಾಗ ಮೋಟಾರು ಹಿಂದೆ ಹಿಡಿದ ಹಾಗೆ ಹಿಡಿಯುತ್ತದೆ, ಆ ಹಿಡಿತದಿಂದ ಬ್ಯಾಟರಿಗೆ ಚಾರ್ಜೂ ಆಗುತ್ತದೆ. ಒಳ್ಳೆಯದೇ. ಆದರೆ ನನ್ನ ಮನೆ ಗುಡ್ಡದ ಮೇಲೆ. ರಾತ್ರಿಯಿಡೀ ಚಾರ್ಜಿಗೆ ಹಾಕಿ, ಬೆಳಿಗ್ಗೆ ಬ್ಯಾಟರಿ ತುಂಬಿ ತುಳುಕುವಾಗ ಇಳಿಸಿದರೆ ಮೋಟಾರು ಹಿಡಿಯುವುದೇ ಇಲ್ಲ. ಮೊದಲ ಸಲ ಜೀಪು ಇಡೀ ಭಾರ ಹೊತ್ತುಕೊಂಡು ತೆಂಗಿನಕಾಯಿಯ ಹಾಗೆ ಉರುಳಿತು. ಬ್ರೇಕು ತುಳಿದು ತುಳಿದು ಕೆಳಗೆ ಬರುವಾಗ ಚಕ್ರದಿಂದ ಹೊಗೆ. ಹಿಂದೆ ಕೂತವರಲ್ಲಿ ಕೆಲವರು ದೇವರನ್ನು ಕರೆದರು, ಉಳಿದವರು ನನ್ನನ್ನು ಬೈದರು.

ಸದಾನಂದನಿಗೆ ಫೋನು ಮಾಡಿದೆ. "ಹೊಟ್ಟೆ ತುಂಬಿದವನಿಗೆ ಮತ್ತೆ ಬಡಿಸಿದ್ರೆ ತಿಂತಾನಾ ಅಕ್ಕ? ಹಾಗೆ. ಇಳಿಯುವ ಮೊದಲು ಸ್ವಲ್ಪ ಖಾಲಿ ಮಾಡಬೇಕು" ಎಂದ.

"ಖಾಲಿ ಮಾಡುದು ಹೇಗೆ? ನೆಲಕ್ಕೆ ಚೆಲ್ಲುದಾ?"

"ಜೀಪಿನಲ್ಲಿ ಒಂದು ಪ್ಲಗ್ಗು ಇಟ್ಟಿದ್ದೇನೆ. ಏನಾದ್ರೂ ಓಡಿಸಿ."

ಕಮಲಕ್ಕ ಬೇಲಿಯ ಆಚೆಯಿಂದ ಇದನ್ನು ಕೇಳುತ್ತಿದ್ದಳು. ಮರುದಿನ ಬೆಳಿಗ್ಗೆ ಗ್ರೈಂಡರು ಹೊತ್ತುಕೊಂಡು ಬಂದಳು. ಅವಳ ದೋಸೆ ಹಿಟ್ಟು ಕಡೆದಾಯಿತು, ಆ ದಿನ ಜೀಪು ಸ್ವಲ್ಪ ಹಿಡಿಯಿತು. ಮರುದಿನ ಮೂರು ಮನೆಯವರು ಬಂದರು. ಹಿಡಿತ ಗಟ್ಟಿಯಾಯಿತು. ಆಮೇಲೆ ಅದೇ ಕ್ರಮವಾಯಿತು. ಬೆಳಿಗ್ಗೆ ಪದವಿನ ಹೆಂಗಸರೆಲ್ಲ ಮಿಕ್ಸಿ, ಗ್ರೈಂಡರು, ತೆಂಗಿನಕಾಯಿ ತುರಿ ಹಿಡಿದು ನನ್ನ ಅಂಗಳದಲ್ಲಿ ಸಾಲು. ಮೊದಲ ಟ್ರಿಪ್ಪಿಗೆ ಹತ್ತುವವರು ಕೂತ ಕೂಡಲೇ ಕೇಳುವ ಪ್ರಶ್ನೆ ಒಂದೇ.

"ಕುಸುಮಕ್ಕ, ಚಟ್ನಿ ಆಯ್ತಾ?"

"ಆಯ್ತು, ಆಯ್ತು."

"ಯಾರದ್ದೆಲ್ಲ?"

ಎಲ್ಲರದ್ದೂ ಆಗಿದೆ ಎಂದರೆ ಧೈರ್ಯವಾಗಿ ಒರಗಿ ಕೂರುತ್ತಿದ್ದರು. ಒಬ್ಬಳ ಮನೆಯಲ್ಲಿ ಆ ದಿನ ಅವಲಕ್ಕಿ ಎಂದು ಗೊತ್ತಾದರೆ, ಕಬ್ಬಿಣದ ಸರಳನ್ನು ಗಟ್ಟಿ ಹಿಡಿಯುತ್ತಿದ್ದರು.

ಪುಷ್ಪಾಳ ಮದುವೆ ಕಮಲಕ್ಕನ ಮನೆಯಂಗಳದಲ್ಲಿಯೇ ಎಂದು ನಿಶ್ಚಯವಾಯಿತು. ಸೀತಾಂಗೋಳಿಯಿಂದ ಮದುಮಗನ ದಿಬ್ಬಣ ತರುವುದು ನನ್ನ ಜೀಪು. ದಿಬ್ಬಣ ತರುವುದೆಂದರೆ ಲೈನಿನವರಿಗೆ ಪರೀಕ್ಷೆ. ಅಬ್ಬಾಸಾಕ ಸ್ಟ್ಯಾಂಡಿನಲ್ಲಿ ಸಿಕ್ಕಿ, "ಆ ಗಾಡಿಯಲ್ಲಿ ದಿಬ್ಬಣವಾ? ನನ್ನದನ್ನು ಹೇಳಿ ಅಕ್ಕ, ನಾನು ಲೈನು ಕೇಳುದಿಲ್ಲ, ಒಂದು ದಿನಕ್ಕೆ ಮಾತ್ರ" ಎಂದರು.

"ಬೇಡ. ಇವತ್ತು ಒಂದು ದಿನ, ನಾಳೆ ಒಂದು ಲೈನು" ಎಂದೆ. ಮದುವೆಮನೆಯವರು ಅವರನ್ನು ಐಸ್‌ಕ್ರೀಮು ತರಲು ಗೊತ್ತು ಮಾಡಿದ್ದರು. ಅದನ್ನು ತರಲಿ, ಸಾಕು.

ಮದುವೆಯ ದಿನ ಬೆಳಿಗ್ಗೆ ಗಾಳಿಗೆ ಎಲ್ಲೋ ಮರ ಬಿದ್ದು ಪದವಿಗೆ ಕರೆಂಟಿಲ್ಲ. ಊಟಕ್ಕೆ ಕಡೆಯುವುದು ಎಲ್ಲಿ? ಅಡುಗೆಯವರು ಮೂರು ದೊಡ್ಡ ಗ್ರೈಂಡರುಗಳನ್ನು ತಂದು ಜೀಪಿಗೆ ಸಿಕ್ಕಿಸಿದರು. ಸಾಂಬಾರಿಗೆ ಕಡೆದರು, ಗಸಿಗೆ ಕಡೆದರು, ಪಾಯಸಕ್ಕೆ ಕಾಯಿಹಾಲು ತೆಗೆಯಲು ಕಡೆದರು. ಸಾಕು ಎಂದರೆ ಕಮಲಕ್ಕ, "ಎಂತ ಸಾಕು? ಬ್ರೇಕು ಒಳ್ಳೆದಾಗ್ತದೆ" ಎಂದಳು.

ಬ್ರೇಕು ಒಳ್ಳೆಯದೇ ಆಯಿತು. ಅಷ್ಟು ಚೆಂದ ಇಳಿಜಾರು ನಾನು ಇಳಿದದ್ದೇ ಇಲ್ಲ. ಆದರೆ ಸೀತಾಂಗೋಳಿ ಮುಟ್ಟುವಾಗ ಬ್ಯಾಟರಿಯ ಮುಳ್ಳು ಅಡಿಯಲ್ಲಿ ಮಲಗಿತ್ತು.

ಸದಾನಂದನೂ ಹೊಸ ಪಂಚೆ ಉಟ್ಟು ದಿಬ್ಬಣಕ್ಕೆ ಬಂದಿದ್ದ. "ಜನರೇಟರ್ ಉಂಟಲ್ಲ, ಹೆದರುದು ಎಂತಕ್ಕೆ?" ಎಂದು ಬತ್ತಿದ್ದ ಅದಕ್ಕೆ ಪೆಟ್ರೋಲು ಹೊಯ್ದು ಸ್ಟಾರ್ಟ್ ಮಾಡಿದ. ಮದುಮಗ ಪೇಟ ಕಟ್ಟಿ ನನ್ನ ಹಿಂದೆ ಕೂತ. ಅವನ ಮಾವನೊಬ್ಬ, ಊರಿಗೇ ಕೇಳುವ ಸ್ವರದವನು, ಅವನ ಪಕ್ಕ. ಉಳಿದವರು ಎಲ್ಲೆಲ್ಲಿ ಹಿಡಿಯಲು ಸಿಗುತ್ತದೋ ಅಲ್ಲಲ್ಲಿ. ನಮ್ಮವರು ಎಡಗಡೆ.

ಸಮದಾರಿಯಲ್ಲಿ ಸರಿಯಾಗಿಯೇ ಬಂತು. ಗುಡ್ಡದ ಬುಡದಲ್ಲಿ ಏರು ಸುರುವಾದ ಕೂಡಲೇ ಜೀಪು ಉಸಿರು ಬಿಟ್ಟಿತು. ಜನರೇಟರು ಗಂಟಲು ಹರಿದುಕೊಂಡು ಕೂಗುತ್ತಿತ್ತು, ಜೀಪು ಮಾತ್ರ ಹೆಣ ಹೊತ್ತವರ ಹಾಗೆ ಹೆಜ್ಜೆ ಹೆಜ್ಜೆ. ಸೊಪ್ಪಿನ ಹೊರೆ ಹೊತ್ತ ಒಬ್ಬಳು ಮುದುಕಿ ನಮ್ಮನ್ನು ದಾಟಿ ಹೋದಳು. ಹೋಗುವಾಗ, "ನಿಧಾನ ಬನ್ನಿ ಮಕ್ಕಳೇ" ಎಂದಳು.

"ಎಂತ ಸದಾನಂದ ಇದು?" ಎಂದೆ.

"ಜನರೇಟರ್ ಕೊಡುದಕ್ಕಿಂತ ಮೋಟಾರ್ ಜಾಸ್ತಿ ತಿಂತಾ ಉಂಟು ಅಕ್ಕ. ಒಂದು ಗಂಟೆ ನಿಲ್ಲಿಸಿದ್ರೆ ಚಾರ್ಜ್ ಆಗ್ತದೆ."

"ಒಂದು ಗಂಟೆಯಾ!" ಮಾವ ಬೊಬ್ಬೆ ಹೊಡೆದ. "ಮುಹೂರ್ತಕ್ಕೆ ಅಷ್ಟು ಹೊತ್ತು ಇಲ್ಲ ಮಾರಾಯ! ಅದು ತಪ್ಪಿದ್ರೆ ಮತ್ತೆ ಇವತ್ತು ಬೇರೆ ಇಲ್ಲ!"

ಗಂಡಸರು ಇಳಿದು ದೂಡಿದರು. ಬ್ಯಾಟರಿಯ ಭಾರಕ್ಕೆ ಅದು ಬಂಡೆಯ ಹಾಗೆ. ಮದುಮಗನೂ ಇಳಿದು ಹೆಗಲು ಕೊಟ್ಟ. ಪೇಟ ಜಾರಿ ಕಣ್ಣಿಗೆ ಬಂತು. ಆಗ ಹಿಂದಿನಿಂದ ಅಬ್ಬಾಸಾಕನ ಜೀಪು ಬಂದು ನಿಂತಿತು. ಅದರೊಳಗೆ ಥರ್ಮೊಕೋಲಿನ ಡಬ್ಬಿಗಳಲ್ಲಿ ಐಸ್‌ಕ್ರೀಮು. ಅವರು ಇಳಿಯಲಿಲ್ಲ, ಮಾತಾಡಲಿಲ್ಲ. ಕ್ರಮ ಗೊತ್ತಿದ್ದ ಮನುಷ್ಯ. ಕೈ ಸ್ಟೇರಿಂಗಿನ ಮೇಲೆ ಇಟ್ಟು ಆಕಾಶ ನೋಡುತ್ತಾ ಕೂತರು.

ಮಾವನಿಗೆ ಕ್ರಮ ಗೊತ್ತಿಲ್ಲ. ಓಡಿಹೋಗಿ, "ಹುಡುಗನನ್ನು ಹತ್ತಿಸಿಕೊಳ್ಳಿ ಮಾರ್ರೆ!" ಎಂದ.

"ನೀವು ಹೇಳಿದ್ರೆ ಆಗುದಿಲ್ಲ" ಎಂದರು ಅಬ್ಬಾಸಾಕ. "ಅವರು ಹೇಳ್ಬೇಕು."

"ಯಾರು?"

"ಕುಸುಮಕ್ಕ."

ಎಲ್ಲರೂ ನನ್ನ ಮುಖ ನೋಡಿದರು. ನಮ್ಮವರು ಎಡಗಡೆಯಿಂದ ಮೆಲ್ಲಗೆ, "ಹೇಳಬೇಡ. ಹಲಸಿನ ಮರ ಉಂಟಾ ನೋಡು" ಎಂದರು.

ನನಗೆ ಒಂದು ಉಪಾಯ ಹೊಳೆಯಿತು. ಹತ್ತಿಸಿಕೊಳ್ಳುವುದು ಬೇರೆ, ದೂಡುವುದು ಬೇರೆ. "ಅಬ್ಬಾಸಾಕ, ಜೀಪಿನಿಂದ ಸ್ವಲ್ಪ ಒತ್ತಿ ಕೊಡಿ" ಎಂದೆ. ಅವರು ಯೋಚಿಸಿ, ಅದರಲ್ಲಿ ಕ್ರಮ ತಪ್ಪುವುದಿಲ್ಲ ಎಂದು ಒಪ್ಪಿ, ತಮ್ಮ ಬಂಪರನ್ನು ನನ್ನ ಬಂಪರಿಗೆ ತಂದು ಕೊಟ್ಟು ಒತ್ತಿದರು. ಎರಡೂ ಜೀಪು ಒಟ್ಟಿಗೆ ಏರತೊಡಗಿದವು. ಜನ ಚಪ್ಪಾಳೆ ತಟ್ಟಿದರು. ಸದಾನಂದ ಮುಳ್ಳಿನ ಕಡೆ ಬಗ್ಗಿ ನೋಡಿ ಕುಣಿದ.

"ಅಕ್ಕ! ಚಾರ್ಜ್ ಆಗ್ತಾ ಉಂಟು! ಅವರು ದೂಡಿದಷ್ಟು ನಮಗೆ ಚಾರ್ಜ್!"

ಅಬ್ಬಾಸಾಕನಿಗೆ ಕೇಳಿಸಿತು. "ಎಂತ? ನನ್ನ ಡೀಸೆಲ್ ನಿಮ್ಮ ಬ್ಯಾಟರಿಗಾ? ಅದಕ್ಕೇ ಇಷ್ಟು ಭಾರ!"

"ಹಿಡಿತವನ್ನು ಬಂದ್ ಮಾಡಾ!" ಎಂದೆ.

"ಅದಕ್ಕೆ ಸ್ವಿಚ್ಚು ಇಟ್ಟಿಲ್ಲ ಅಕ್ಕ."

ಅಂದರೆ ಅಬ್ಬಾಸಾಕ ದೂಡಿದಷ್ಟೂ ನನ್ನ ಜೀಪು ಹಿಂದಕ್ಕೆ ಜಗ್ಗುತ್ತಿತ್ತು. ನಮ್ಮವರು ಕಿವಿಗೊಟ್ಟು, "ಅದು ನಮ್ಮ ಇಂಜಿನು. ಫಸ್ಟ್‌ಗೆ ಹಾಕ್ಲಿಕ್ಕೆ ಹೇಳು, ಸಾಯ್ತಾ ಉಂಟು" ಎಂದು ಅಳುವ ಸ್ವರದಲ್ಲಿ ಹೇಳಿದರು. ಹೇಳಿ ಮುಗಿಯುವಷ್ಟರಲ್ಲಿ ಅಬ್ಬಾಸಾಕನ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ಈಗ ಎರಡು ಜೀಪು ನಿಂತವು. ದಿಬ್ಬಣಕ್ಕೆ ತಂದಿದ್ದ ಕುಡಿಯುವ ನೀರನ್ನೆಲ್ಲ ರೇಡಿಯೇಟರಿಗೆ ಹೊಯ್ದರು. ಐಸ್‌ಕ್ರೀಮಿನ ಡಬ್ಬಿಯ ಮೂಲೆಯಿಂದ ಗುಲಾಬಿ ನೀರು ತೊಟ್ಟಿಕ್ಕಲು ಸುರುವಾಯಿತು.

ಮೇಲಿನಿಂದ ಕಮಲಕ್ಕ ಫೋನು ಮಾಡಿದಳು. "ಎಲ್ಲಿದ್ದೀ? ಪುಷ್ಪಾ ಸೀರೆ ಉಟ್ಟು ಕೂತಾಯ್ತು. ಭಟ್ರು ಗಡಿಯಾರ ನೋಡ್ತಾ ಇದ್ದಾರೆ." ಬೈಗುಳ ಒಂದೂ ಇಲ್ಲ. ಅವಳು ಬೈಯದೆ ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು. ಅದಕ್ಕೆ ನನಗೆ ಹೆದರಿಕೆಯಾಯಿತು.

ನಾನು ಇಳಿದು ಅಬ್ಬಾಸಾಕನ ಬಾಗಿಲಿಗೆ ಹೋದೆ.

"ಹತ್ತಿಸಿಕೊಳ್ಳಿ" ಎಂದೆ.

ಅವರು ನನ್ನ ಮುಖ ನೋಡಿದರು. "ಅಕ್ಕ, ಇನ್ನೊಮ್ಮೆ ಯೋಚನೆ ಮಾಡಿ."

"ಯೋಚನೆ ಮಾಡಿದ್ರೆ ಐಸ್‌ಕ್ರೀಮು ಕರಗ್ತದೆ. ಹತ್ತಿಸಿಕೊಳ್ಳಿ ಅಂದೆ."

ಎಲ್ಲರೂ ಸೇರಿ ನನ್ನ ಜೀಪನ್ನು ಬದಿಯ ಕಲ್ಲಿನ ಗೋಡೆಗೆ ಒತ್ತಿ ದಾರಿ ಮಾಡಿದರು. ಅಬ್ಬಾಸಾಕನ ಜೀಪಿನಲ್ಲಿ ಡಬ್ಬಿ ಬಿಟ್ಟರೆ ಜಾಗವಿಲ್ಲ. ಮದುಮಗನನ್ನು ಡಬ್ಬಿಯ ಮೇಲೆಯೇ ಕೂರಿಸಿದರು. ಮಾವ ಅವನನ್ನು ಹಿಡಿದುಕೊಂಡ. ಜೀಪು ಮೇಲೆ ಹೋಯಿತು. ಮೇಲಿನ ತಿರುವಿನಿಂದ ಮಾವನ ಬೊಬ್ಬೆ ಕೆಳಗಿನವರೆಗೆ ಕೇಳಿತು. ಉಳಿದವರೆಲ್ಲ ನಡೆದರು, ನಾನೂ ನಡೆದೆ. ನಮ್ಮವರು ಜೀಪು ಬಿಟ್ಟು ಬರಲಿಲ್ಲ. ಸದಾನಂದ ಅವರ ಜತೆ ಕೂತು ಒಂದು ಗಂಟೆ ಚಾರ್ಜ್ ಮಾಡಿದ.

ಮುಹೂರ್ತ ಸಿಕ್ಕಿತು. ರಮೇಶನ ಪಂಚೆ ಹಿಂದಿನಿಂದ ಒದ್ದೆಯಾಗಿ ಗುಲಾಬಿ ಬಣ್ಣವಾಗಿತ್ತು. ಅವನು ಧಾರೆಯ ಹೊತ್ತಿಗೆ ನಡುಗುತ್ತಿದ್ದ. ಹೆದರಿಕೆಯೋ ಎಂದು ಪುಷ್ಪಾ ಕೇಳಿದಳಂತೆ. "ಅಲ್ಲ, ಚಳಿ" ಎಂದನಂತೆ. ಐಸ್‌ಕ್ರೀಮು ಚಪ್ಪಟೆಯಾಗಿತ್ತು, ಆದರೂ ಜನ 'ಇದು ಹೊಸ ನಮೂನೆಯದು' ಎಂದು ಎರಡೆರಡು ಸಲ ಹಾಕಿಸಿಕೊಂಡರು. ನನ್ನ ಜೀಪು ಊಟ ಮುಗಿದ ಮೇಲೆ ಸದಾನಂದನ ಕೈಯಲ್ಲಿ ಬಂದು ಕಮಲಕ್ಕನ ಅಂಗಳದಲ್ಲಿ ನಿಂತಿತು. ಅಲ್ಲಿಂದ ಮತ್ತೆ ಅದು ಲೈನಿಗೆ ಇಳಿಯಲಿಲ್ಲ. ಪದವಿಗೆ ಕರೆಂಟು ಹೋದಾಗ ಹಿಟ್ಟು ಕಡೆಯಲು ಅದಕ್ಕಿಂತ ಒಳ್ಳೆಯ ಜೀಪಿಲ್ಲ ಎಂದು ಎಲ್ಲರೂ ಈಗಲೂ ಹೇಳುತ್ತಾರೆ.

ಮರುದಿನ ನಾನು ಬೆಳಿಗ್ಗೆ ಏಳಲಿಲ್ಲ. ಏಳಲು ಕೆಲಸವಿರಲಿಲ್ಲ. ಲೈನು ಕೊಟ್ಟಾಗಿತ್ತು. ಬಿಸಿಲು ಬಂದ ಮೇಲೆ ಜಗಲಿಗೆ ಬಂದರೆ, ಅಬ್ಬಾಸಾಕನ ಜೀಪು ನನ್ನ ಅಂಗಳದಲ್ಲಿ ನಿಂತಿದೆ, ಅವರು ಮೆಟ್ಟಿಲಲ್ಲಿ ಕೂತಿದ್ದಾರೆ. ಮೊದಲ ಟ್ರಿಪ್ಪಿನವರು ಜೀಪಿನ ಒಳಗೆ ಕಾಯುತ್ತಿದ್ದಾರೆ. ಲೈನು ಕೊಟ್ಟ ಮೇಲೆ ಚಾ ಕೊಡುವುದೂ ಕ್ರಮ. ನಾನು ಒಳಗೆ ಹೋಗಿ ಚಾ ತಂದುಕೊಟ್ಟೆ.

"ಹೊರಡುದಿಲ್ವಾ? ಹೊತ್ತಾಯ್ತು" ಎಂದೆ.

ಅವರು ಚಾದ ಲೋಟ ತಿರುಗಿಸಿದರು. "ಅಕ್ಕ, ನಿನ್ನೆ ಮದುಮಗನನ್ನು ತಂದೆನಲ್ಲ. ಮೇಲಿನ ತಿರುವಿನಲ್ಲಿ ನಾನು ಕಣ್ಣು ಮುಚ್ಚಿದ್ದೆ."

"ಕಣ್ಣು ಮುಚ್ಚಿದ್ದಾ?"

"ಆ ಮಾವ ಬೊಬ್ಬೆ ಹೊಡೆದದ್ದು ಅದಕ್ಕೇ. ನಿನ್ನೆ ಇಳಿಯುವಾಗಲೂ, ಇವತ್ತು ಬೆಳಿಗ್ಗೆ ಮೇಲೆ ಬರುವಾಗಲೂ ಮುಚ್ಚಿದ್ದೆ. ಈಗ ಮತ್ತೆ ಇಳೀಬೇಕಲ್ಲ, ಅದಕ್ಕೆ ಕೂತಿದ್ದೇನೆ. ಇಷ್ಟು ವರ್ಷ ಲೈನು ಬೇಕು ಬೇಕು ಅಂತ ಕೇಳಿದೆ. ಆ ತಿರುವು ಹೀಗೆ ಅಂತ ನೀವು ಯಾರೂ ಹೇಳ್ಲಿಲ್ಲ."

"ನೀವು ಕೇಳ್ಲಿಲ್ಲ."

"ಅಡೂರು ದಾರಿ ನನಗೆ ಸಾಕು. ಅದಕ್ಕೆ ನನ್ನ ಅಣ್ಣನ ಜೀಪು ಉಂಟು. ಇದನ್ನು ನೀವು ಓಡಿಸಿ. ಲೈನು ಹೆಸರಿಗೆ ನನ್ನದು."

ಜೀಪಿನ ಒಳಗಿನಿಂದ ಯಾರೋ, "ಕುಸುಮಕ್ಕ, ಬೇಗ ಒಪ್ಪಿಕೊಳ್ಳಿ, ನನಗೆ ಆಸ್ಪತ್ರೆಗೆ ಹೋಗ್ಲಿಕ್ಕುಂಟು" ಎಂದರು. ನೋಡಿದರೆ ನಮ್ಮವರು ಆಗಲೇ ಎಡಗಡೆ ಸೀಟು ಹತ್ತಿ ಕೂತಿದ್ದರು.

"ಕೀ ಇಲ್ಲಿ ಇಡಿ" ಎಂದೆ.

ಅವರು ಜಗಲಿಯಲ್ಲಿ ಕೀ ಇಟ್ಟು, ಬಿಟ್ಟ ಚಾ ಮುಗಿಸಿ, ಎದ್ದು ಜೀಪಿನ ಹಿಂದಿನ ಮೆಟ್ಟಿಲಿಗೆ ಕಾಲು ಹಾಕಿದರು.

"ಎಲ್ಲಿಗೆ?" ಎಂದೆ.

"ಬದಿಯಡ್ಕಕ್ಕೆ. ನಾನು ಹೋಗುದು ಬೇಡ್ವಾ?"

"ಹತ್ತಿ. ಕಣ್ಣು ಮುಚ್ಚಿಕೊಂಡು ಕೂರಿ, ತಿರುವು ಕಳೆದ ಮೇಲೆ ಹೇಳ್ತೇನೆ."

ತಿರುವು ಕಳೆಯಿತು. ನಾನು ಹೇಳಲಿಲ್ಲ. ಅಬ್ಬಾಸಾಕ ಕಣ್ಣು ಮುಚ್ಚಿಕೊಂಡೇ ಬದಿಯಡ್ಕಕ್ಕೆ ಬಂದರು.